ಗಿಯರ್ ಬಾಕ್ಸಿಗೆ ಹಚ್ಚಿದ ವಿಭೂತಿ

ಖಂಡೆ ಪೂಜೆಯ, ಅಂದರೆ ದಸರೆಯ ಆಯುಧ ಪೂಜೆಯ, ದಿನ ಬೆಳಿಗ್ಗೆ ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಓಣಿಯ ತುಂಬ ಚೆಂಡು ಹೂವಿನ ವಾಸನೆ ಇರುತ್ತದೆ. ನಿಮಗೆ ಅದು ಹಬ್ಬದ ವಾಸನೆಯಾಗಿರಬಹುದು. ನನಗೆ ಮಾತ್ರ ಎರಡು ವರ್ಷದಿಂದ ಅದು ಮೂಗಿಗೆ ಬಡಿದ ಕೂಡಲೇ ಸುಟ್ಟ ಎಣ್ಣೆ ನೆನಪಾಗಿ ಕಿವಿ ಬಿಸಿಯಾಗುತ್ತದೆ. ಈ ಸಲವೂ ಹಾಗೇ ಆಯಿತು. ಹೆಂಡತಿ ಗಿರಿಜಾ ವಿಭೂತಿ, ಕುಂಕುಮ, ಹೂವು ಇಟ್ಟ ತಾಟನ್ನು ನನ್ನ ಕೈಗೆ ಕೊಟ್ಟು, “ಗಾಡಿ ಪೂಜಿ ನೀವ ಮಾಡ್ರಿ” ಎಂದು ಒಳಗೆ ಹೋದಳು. ನಾನು ತಾಟು ಹಿಡಿದುಕೊಂಡು ಕಾರಿನ ಮುಂದೆ ತಪ್ಪಿತಸ್ಥನ ಹಾಗೆ ನಿಂತೆ. ಹಾಗೆ ಏನು, ತಪ್ಪಿತಸ್ಥನೇ.

ಮೊದಲು ಕಾರಿನ ಬಗ್ಗೆ ಹೇಳಬೇಕು. ನಮಗಿಂತ ಮೊದಲು ಎರಡು ಮನೆಗಳಲ್ಲಿ ಬಾಳಿ ಬಂದ ಹಳೆಯ ಆಟೋಮ್ಯಾಟಿಕ್ ಕಾರು ಅದು. ಅದಕ್ಕೆ ಕಾಲಲ್ಲಿ ಒತ್ತುವ ಕ್ಲಚ್ ಇಲ್ಲ, ಗಿಯರ್ ತಾನಾಗಿಯೇ ಬದಲಾಗುತ್ತದೆ. ಗಿರಿಜಾಳ ಎಡಗಾಲು ಚಿಕ್ಕಂದಿನ ಪೋಲಿಯೊದಿಂದ ಸೊರಗಿದೆ. ಕ್ಲಚ್ ಒತ್ತುವ ಶಕ್ತಿ ಅದಕ್ಕಿಲ್ಲ. ಅವಳು ಖಾನಾಪುರದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಮೊದಲು ಬಸ್ಸಿನ ಮೆಟ್ಟಿಲು ಹತ್ತಬೇಕಾದರೆ ದಿನಾ ಯಾರದಾದರೂ ಕೈ ಬೇಕಾಗುತ್ತಿತ್ತು. ಕಾರು ಬಂದ ಮೇಲೆ ಯಾರ ಕೈಯೂ ಬೇಕಾಗಲಿಲ್ಲ. ಒಂದು ತಿಂಗಳು ನಾನು ಪಕ್ಕದಲ್ಲಿ ಕೂತು “ಸಾವಕಾಶ, ಸಾವಕಾಶ” ಅನ್ನುತ್ತಿದ್ದೆ. ಆಮೇಲೆ ಒಂದು ದಿನ ನನ್ನನ್ನೂ ಇಳಿಸಿ ಹೋದಳು.

ಇನ್ನು ನನ್ನ ಬಗ್ಗೆ. ಡಿಪ್ಲೊಮಾ ಕಾಲೇಜಿನಲ್ಲಿ ಮೂವತ್ತು ವರ್ಷ ಹೈಡ್ರಾಲಿಕ್ಸ್, ಅಂದರೆ ದ್ರವದ ಒತ್ತಡದ ಶಾಸ್ತ್ರ, ಕಲಿಸಿ ನಿವೃತ್ತನಾದವನು. ಕಪ್ಪುಹಲಗೆಯ ಮೇಲೆ ನಾನು ಬರೆದ ವಾಲ್ವುಗಳಿಂದ ಒಂದು ದಿನವೂ ಒಂದು ಹನಿ ಸೋರಲಿಲ್ಲ. ಮನೆಯ ನಲ್ಲಿಗೆ ವಾಶರ್ ಹಾಕಲು ಹೋಗಿ ಇಡೀ ಟಾಕಿ ಖಾಲಿ ಮಾಡಿದ್ದನ್ನು ಮಾತ್ರ ಓಣಿಯವರು ಇನ್ನೂ ಮರೆತಿಲ್ಲ. ಮರೆಯಲಿ ಎಂದು ನಾನೂ ಕೇಳಿಕೊಂಡಿಲ್ಲ, ಕೇಳಿಕೊಂಡರೆ ಮತ್ತೆ ನೆನಪು ಮಾಡಿದ ಹಾಗಾಗುತ್ತದೆ.

ಎರಡು ವರ್ಷದ ಹಿಂದೆ ದಸರೆಗೆ ಮುಂಚೆ ಆ ಕಾರು ದೇಸೂರಿನ ಹತ್ತಿರ ನಿಂತುಬಿಟ್ಟಿತು. ಇಂಜಿನ್ ಗರ್ಜಿಸುತ್ತದೆ, ಗಾಲಿ ತಿರುಗುವುದಿಲ್ಲ. ಮಚ್ಛೆಯ ಗ್ಯಾರೇಜಿನವರು ನೋಡಿ ಒಂದೇ ಮಾತು ಹೇಳಿದರು: “ಇದನ್ನ ತಗದು ಸಾದಾ ಗಿಯರ್ ಹಾಕಿಸ್ರಿ ಸರ್.” ನಾನು ಆ ಮಾತನ್ನು ಬಹಳ ತಿಳಿದವನ ಹಾಗೆ ಹೊತ್ತು ತಂದು ಗಿರಿಜಾಳ ಮುಂದೆ ಇಟ್ಟೆ.

“ಸಾದಾ ಗಿಯರ್ ಹಾಕಿಸಿಬಿಡೂಣು. ತ್ರಾಸ ತಪ್ಪತೈತಿ.”

ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು. “ಮತ್ತ ಕ್ಲಚ್ ಯಾರ ಒತ್ತಾವರು? ದಿನಾ ನೀವ ಬಾಜೂಕ ಕುಂತು ಒತ್ತತೀರೇನು?”

ಯಾವ ಕಾಲಿಗಾಗಿ ಕಾರು ತಂದಿದ್ದೆವೋ ಆ ಕಾಲನ್ನೇ ನಾನು ಮರೆತಿದ್ದೆ.

ಬಾಳು ಮಿಸ್ತ್ರಿಯನ್ನು ಹುಡುಕಿದವಳು ಅವಳೇ. ಖಾನಾಪುರದಲ್ಲಿ ತಗಡಿನ ಶೆಡ್ಡು. ಆಟೋಮ್ಯಾಟಿಕ್ ಗಿಯರ್ ಬಾಕ್ಸಿನ ಕೆಲಸವನ್ನು ಗೋವಾದಲ್ಲಿ ಕಲಿತು ಬಂದ ಮನುಷ್ಯ. ಮನೆಮಾತು ಮರಾಠಿ, ಗಿರಾಕಿಯ ಜೊತೆ ಕನ್ನಡ, ಗಿಯರ್ ಬಾಕ್ಸಿನ ಜೊತೆ ಎರಡೂ. ಕಾರನ್ನು ಹಗ್ಗ ಕಟ್ಟಿ ಅಲ್ಲಿಗೆ ಎಳೆದುಕೊಂಡು ಹೋದೆವು. ಅವತ್ತಿನಿಂದ ನಾನು ಗಿರಿಜಾಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಡುವುದು, ಸಂಜೆಯವರೆಗೆ ಶೆಡ್ಡಿನಲ್ಲಿ ಕೂಡುವುದು, ಮತ್ತೆ ಕರೆತರುವುದು. ನಿಮ್ಮ ಹತ್ತಿರ ಮುಚ್ಚಿಡುವುದೇನು, ಆ ದಿನಗಳು ನನಗೆ ಹಿತವಾಗಿದ್ದವು. ಹೆಂಡತಿಗೆ ನಾನು ಬೇಕಾಗಿದ್ದೇನೆ ಎಂಬ ಸುಖ. ಅವಳು ಮಾತ್ರ ಹಿಂದೆ ಕೂತು ದಾರಿಯುದ್ದಕ್ಕೂ ಒಂದು ಮಾತೂ ಆಡುತ್ತಿರಲಿಲ್ಲ.

ಮಿಸ್ತ್ರಿ ಜಾಕಿನ ಮೇಲೆ ಗಿಯರ್ ಬಾಕ್ಸನ್ನು ಇಳಿಸಿದ್ದು ತೊಟ್ಟಿಲಿಂದ ಕೂಸನ್ನು ತೆಗೆದ ಹಾಗೆ. ಕರಿ ಎಣ್ಣೆಯ ಕಮಟು ಶೆಡ್ಡಿನ ತುಂಬ ಹರಡಿತು. “ಹೇ ಬಘಾ ಸರ್, ಇಲ್ಲಿ ನೋಡ್ರಿ, ಪ್ಲೇಟೆಲ್ಲಾ ಸುಟ್ಟು ಇದ್ದಲಿ ಆಗ್ಯಾವ” ಎಂದು ಒಳಗಿನ ಕ್ಲಚ್ ಪ್ಲೇಟುಗಳನ್ನು ತೋರಿಸಿದ. ಬಿಚ್ಚಿದ ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಪರಾತಗಳಲ್ಲಿ ಜೋಡಿಸುತ್ತಿದ್ದ. ಅದರಲ್ಲೆಲ್ಲ ನಾಜೂಕಾದದ್ದು ವಾಲ್ವ್ ಬಾಡಿ. ಎರಡು ಅಂಗೈ ಅಗಲದ ಲೋಹದ ತುಂಡು, ಒಳಗೆಲ್ಲ ಇರುವೆ ಗೂಡಿನಂಥ ಸಣ್ಣ ದಾರಿಗಳು. ಆ ದಾರಿಗಳಲ್ಲಿ ಎಣ್ಣೆ ಒತ್ತಿ ಹರಿದರೆ ಕಾರು ಮುಂದೆಯೋ ಹಿಂದೆಯೋ ಹೋಗುತ್ತದೆ.

“ಇದಕ್ಕ ಅರಿವಿ ಹಚ್ಚಂಗಿಲ್ಲ ನೋಡ್ರಿ. ಒಂದ ಎಳಿ ಸಿಕ್ರ ದಾರಿ ಬಂದ್. ಗಾಳಿ ಹೊಡದ ಒಣಗಸಬೇಕು.”

ಯಾಕೆ ಹಾಗೆ ಎಂಬುದನ್ನು ನಾನು ಅವನಿಗೆ ಅರ್ಧ ತಾಸು ಶಾಸ್ತ್ರೋಕ್ತವಾಗಿ ವಿವರಿಸಿದೆ. ಅವನು “ಬರೋಬರ್ ಐತ್ರಿ ಸರ್” ಎನ್ನುತ್ತ, ವಾಲ್ವ್ ಬಾಡಿ ಒರೆಸಲು ನಾನು ಆಗಲೇ ಮುಂದೆ ಮಾಡಿದ್ದ ಕರವಸ್ತ್ರವನ್ನು ಮೆಲ್ಲಗೆ ಕೈಯಿಂದ ತೆಗೆದಿಟ್ಟ.

ಅಷ್ಟರಲ್ಲಿ ಖಂಡೆ ಪೂಜೆ ಬಂತು. ಶಾಲೆಗೆ ರಜೆ, ಆದರೂ ನಾನು ಶೆಡ್ಡಿಗೆ ಹೋದೆ, ಚಟ ಬಿದ್ದಿತ್ತು. ಹೊಸ ಪ್ಲೇಟು ಹಾಕಿ ಜೋಡಿಸಿದ ಗಿಯರ್ ಬಾಕ್ಸು ಒಂದು ಕಡೆ, ತೊಳೆದು ಜೋಡಿಸಿದ ವಾಲ್ವ್ ಬಾಡಿ ಪ್ಲಾಸ್ಟಿಕ್ ಹಾಳೆಯ ಕೆಳಗೆ ಇನ್ನೊಂದು ಕಡೆ. ಮರುದಿನ ಅದನ್ನು ಕೂರಿಸಿ ಮುಚ್ಚುವುದೊಂದೇ ಬಾಕಿ. ಮಿಸ್ತ್ರಿ ಪಾನಾ, ಜಾಕು, ಸುತ್ತಿಗೆಗಳಿಗೆಲ್ಲ ಹೂವು ಏರಿಸಿ, “ಕುಂದರ್ರಿ ಸರ್, ಮನಿಯಿಂದ ನೈವೇದ್ಯ ತರ್ತೇನಿ” ಎಂದು ಹೋದ.

ನಮ್ಮ ಮನೆಯಲ್ಲಿ ಆ ದಿನ ಪೂಜೆ ತಪ್ಪಿದ ವಸ್ತು ಎಂಬುದಿಲ್ಲ. ಈಳಿಗೆಮಣೆ, ಮಿಕ್ಸರು, ಲೆಕ್ಕ ಮಾಡುವ ನನ್ನ ಹಳೆಯ ಸ್ಲೈಡ್ ರೂಲು, ಎಲ್ಲದಕ್ಕೂ ಮೂರು ಬೆರಳಿನ ವಿಭೂತಿ. ಇಲ್ಲಿ ಸುತ್ತಿಗೆಗೂ ಹೂವಿದೆ, ನನ್ನ ಹೆಂಡತಿಯನ್ನು ಹೊತ್ತು ನಡೆಯಬೇಕಾದ ಜೀವಕ್ಕೇ ಇಲ್ಲ! ಹಾಳೆ ಸರಿಸಿದೆ, ಮಿಸ್ತ್ರಿಯ ಪೂಜೆಯ ತಾಟಿನಿಂದ ವಿಭೂತಿ ತೆಗೆದು ವಾಲ್ವ್ ಬಾಡಿಯ ಮೇಲೆ ಮೂರು ಬೆರಳೆಳೆದೆ, ನಡುವೆ ಕುಂಕುಮವಿಟ್ಟೆ, ಮೇಲೊಂದು ಚೆಂಡು ಹೂವು ಇಟ್ಟು ಕೈಮುಗಿದೆ. ಗಿರಿಜಾಳ ಕಾಲು ಅವಳಿಗೆ ಮರಳಿ ಸಿಗಲಿ ಎಂದು ಬೇಡಿಕೊಂಡದ್ದು ಖರೆ. ಆ ಭಕ್ತಿಯಲ್ಲಿ ಕಲಬೆರಕೆ ಇರಲಿಲ್ಲ.

ಮಿಸ್ತ್ರಿಯ ಚಪ್ಪಲಿ ಸಪ್ಪಳ ಕೇಳಿದಾಗ ಬುದ್ಧಿ ಬಂತು. ಹೂವು ಕಿತ್ತು ಕಿಸೆಗೆ ತುರುಕಿದೆ, ಬಾಯಿಂದ ಉಫ್ ಉಫ್ ಎಂದು ಊದಿದೆ, ಅದೇ ಕರವಸ್ತ್ರದಿಂದ ಒರೆಸಿ ಹಾಳೆ ಎಳೆದೆ. ನೈವೇದ್ಯದ ಕಡಬು ಎರಡು ತಿಂದೆ. ಏನೂ ಹೇಳಲಿಲ್ಲ.

ರಜೆ ಮುಗಿಯಿತು. ಕಾರು ತಯಾರೆಂದು ಗಿರಿಜಾ ಶಾಲೆಯಿಂದ ಪೇಢೆ ಹಿಡಿದುಕೊಂಡು ಬಂದಳು. ಕೂತಳು, ಇಂಜಿನ್ ಶುರು ಮಾಡಿದಳು, ಮುಂದಿನ ಗಿಯರಿಗೆ ಹಾಕಿದಳು. ಗರ್ಜನೆ ಬಿಟ್ಟು ಬೇರೇನಿಲ್ಲ. ಹಿಂದಿನ ಗಿಯರಿಗೆ ಹಾಕಿದರೆ ಕಾರು ಬೆಣ್ಣೆಯ ಹಾಗೆ ಹಿಂದಕ್ಕೆ ಹೋಯಿತು. ಮತ್ತೆ ಮುಂದೆ, ಇಲ್ಲ. ಮತ್ತೆ ಹಿಂದೆ, ಸರಾಗ. ಎದುರಿನ ಚಹಾದಂಗಡಿಯಿಂದ ಯಾರೋ, “ಬಾಯಾರ, ಬೆಳಗಾವಿತನಾ ಹಿಂಗ ಉಲ್ಟಾ ಹೋಗ್ರಿ!” ಎಂದು ಕೂಗಿದ. ಎಲ್ಲರೂ ನಕ್ಕರು. ಗಿರಿಜಾ ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟು ಹಾಗೇ ಕೂತಿದ್ದಳು. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ.

ಮರುದಿನ ಮಿಸ್ತ್ರಿ ವಾಲ್ವ್ ಬಾಡಿಯನ್ನು ಮತ್ತೆ ಬಿಚ್ಚಿದ. ಚಿಮಟದ ತುದಿಯಲ್ಲಿ ಬಂದದ್ದು ಒಂದು ಹಳದಿ ಎಸಳು, ಅದಕ್ಕೆ ಅಂಟಿದ ಬೂದಿಯ ಕೆಸರು. ಅವನು ಎಸಳು ನೋಡಿದ. ಆಮೇಲೆ ನನ್ನ ಹಣೆಯ ಮೇಲಿನ ವಿಭೂತಿ ನೋಡಿದ. ಮತ್ತೆ ಎಲ್ಲವನ್ನೂ ಮೊದಲಿಂದ ತೊಳೆದ. ಸಂಜೆ ಗಿರಿಜಾ ಬಂದು ಏನಾಗಿತ್ತೆಂದು ಕೇಳಿದಳು.

“ನನ್ನ ಕೈತಪ್ಪು ಬಾಯಾರ. ಒಳಗ ಒಂದ ಗುಂಡು ಸೊಟ್ಟ ಕುಂತಿತ್ತು.”

ಆಗ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ ಕೂಡ, ಬಂದ ಮಾತು, “ಚಹಾ ತರಸೂಣೇನು?”

ಅಲ್ಲಿಂದ ಕಾರು ಚೆನ್ನಾಗಿಯೇ ಓಡುತ್ತಿದೆ. ಕೆಟ್ಟದ್ದು ಮಿಸ್ತ್ರಿಯ ಹೆಸರು. ಯಾರು ಕೇಳಿದರೂ ಗಿರಿಜಾ, “ಮನಷ್ಯಾ ಛಲೋ, ಆದ್ರ ಕೈ ನಂಬಂಗಿಲ್ಲ” ಅನ್ನುತ್ತಾಳೆ. ಗಣಿತದವಳು, ಕಂಡದ್ದನ್ನು ಹೇಳುತ್ತಾಳೆ. ಎರಡು ವರ್ಷ ನಾನು ಆ ಮಾತನ್ನು ಕೇಳಿ ಪೇಪರು ಓದುತ್ತಿದ್ದೆ.

ಈ ಬೆಳಿಗ್ಗೆಯೂ ತಾಟು ಹಿಡಿದು ನಿಂತಾಗ ಒಳಗಿಂದ ಅದೇ ಮಾತು ಕೇಳಿಸಿತು. ಅವಳ ಶಾಲೆಯ ಇನ್ನೊಬ್ಬ ಶಿಕ್ಷಕಿ ಫೋನಿನಲ್ಲಿ, ತನ್ನ ಕಾರಿನ ಗಿಯರ್ ಬಾಕ್ಸನ್ನು ಯಾರ ಹತ್ತಿರ ಒಯ್ಯಲಿ ಎಂದು ಕೇಳುತ್ತಿದ್ದಳು. “ಬಾಳು ಮಿಸ್ತ್ರಿ ಬ್ಯಾಡವಾ” ಎಂದಳು ಗಿರಿಜಾ. ಕೈಯಲ್ಲಿ ಚೆಂಡು ಹೂವು; ತಡೆಯಲಾಗಲಿಲ್ಲ. ಒಳಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ, ಕಡಬು ತಿಂದದ್ದನ್ನು ಸಹ.

ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. “ಎರಡ ವರ್ಷ ಅವನ ಹೆಸರ ಕೆಡಿಸೇನಲ್ರೀ, ನೀವು ಕೇಳ್ಕೋತ ಕುಂತ್ರಿ?” ಎಂದು ಕಾರಿನ ಕೀಲಿ ತೆಗೆದುಕೊಂಡಳು. “ನಡೀರಿ.”

ಮಚ್ಛೆ ದಾಟಿ, ದೇಸೂರು ದಾಟಿ, ಖಾನಾಪುರ ಮುಟ್ಟಿದೆವು. ಶೆಡ್ಡಿನಲ್ಲಿ ಮಿಸ್ತ್ರಿ ಪೂಜೆ ಮುಗಿಸಿ ಕೂತಿದ್ದ. ಗಿರಿಜಾ ನನ್ನನ್ನು ಮುಂದೆ ನಿಲ್ಲಿಸಿದಳು. ಮೂವತ್ತು ವರ್ಷ ಪಾಠ ಹೇಳಿದ ನಾಲಿಗೆ ತೊದಲಿತು, ಆದರೂ ಹೇಳಿದೆ.

“ಗೊತ್ತೈತ್ರಿ ಸರ್,” ಎಂದ ಮಿಸ್ತ್ರಿ. “ಬಾಯಾರ ಸಂಬಂಧ ಕೈಮುಗದು ಹಚ್ಚೀರಿ. ಅದನ್ನ ತಪ್ಪು ಅಂತ ನಾ ಹೆಂಗ ಹೇಳ್ಲಿ?” ಆಮೇಲೆ ಮೂಲೆಗೆ ಕೈ ತೋರಿಸಿದ. ಬಿಚ್ಚಿಟ್ಟ ಇನ್ಯಾವುದೋ ಕಾರಿನ ವಾಲ್ವ್ ಬಾಡಿಯನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದಿದ್ದ. ಮುಚ್ಚಳದ ಮೇಲೆ ಮೂರು ಬೆರಳು ವಿಭೂತಿ, ಒಂದು ಚೆಂಡು ಹೂವು. “ಆವತ್ತಿಂದ ಹಿಂಗ ಮಾಡ್ತೇನಿ. ಅದಕ್ಕೂ ಪೂಜಿ ಬೇಕಲ್ರೀ.”

ಗಿರಿಜಾ ಅಲ್ಲೇ ನಿಂತು ಆ ಶಿಕ್ಷಕಿಗೆ ಫೋನು ಹಚ್ಚಿದಳು. “ತಪ್ಪು ಮಿಸ್ತ್ರೀದಲ್ಲವಾ. ಯಾರದು ಅಂತ ನಮ್ಮನಿಯವರ ಹೇಳ್ತಾರ” ಎಂದು ನನ್ನ ಕೈಗೆ ಕೊಟ್ಟಳು. ಚಹಾದಂಗಡಿಯವರಿಗೆಲ್ಲ ಕೇಳುವ ಹಾಗೆ ಮತ್ತೊಮ್ಮೆ ಎಲ್ಲ ಹೇಳಿದೆ. ಈ ಸಲವೂ ನಕ್ಕರು, ಆದರೆ ನನ್ನನ್ನು ನೋಡಿ ನಕ್ಕರು. ಅದು ಎರಡು ವರ್ಷದ ಹಿಂದೆಯೇ ನನಗೆ ಸೇರಬೇಕಾದ ನಗು.

ತಿರುಗಿ ಹೊರಟೆವು. ಇಷ್ಟು ದಿನ ಅವಳು ಗಿಯರಿನ ಹಿಡಿಕೆಗೆ ಕೈ ಹಾಕಿದಾಗಲೆಲ್ಲ ನಾನು ಉಸಿರು ಹಿಡಿದು, ಮುಖ ಕಿಟಕಿಗೆ ತಿರುಗಿಸಿ ಕೂಡುತ್ತಿದ್ದೆ. ಇವತ್ತು ಅವಳ ಕೈಯನ್ನೇ ನೋಡುತ್ತ ಕೂತೆ. ಅವಳು ಹಿಡಿಕೆ ಎಳೆದಳು. ಕಾರು ಮುಂದಕ್ಕೆ ಹೋಯಿತು.

“ಸಾವಕಾಶ” ಎಂದೆ.

“ಸುಮ್ಮನ ಕುಂದರ್ರಿ,” ಎಂದಳು ಗಿರಿಜಾ, “ಇಲ್ಲಾಂದ್ರ ಇಳಿಸಿ ಹೋಗ್ತೇನಿ.”