ಆಯುಧಪೂಜೆಗೆ ಬಂದ ವ್ಯಾನಿಟಿ ಬ್ಯಾಗು

ಕಾರಿನ ಬಾಗಿಲು ತೆರೆದಾಗ ನನ್ನ ಓರಗಿತ್ತಿಗಿಂತ ಮೊದಲು ಕಣ್ಣಿಗೆ ಬಿದ್ದದ್ದು ಅವಳ ವ್ಯಾನಿಟಿ ಬ್ಯಾಗು. ಹಾಲು ಆರಿದ ಮೇಲೆ ಕಟ್ಟುವ ಕೆನೆಯ ಬಣ್ಣ, ಅಷ್ಟೇ ನಯ. ಅಂಚಿನ ಹೊಲಿಗೆ ಒಂದಾದರೂ ಸೊಟ್ಟಗಿರಲಿಲ್ಲ. ಎಲ್ಲೂ ಹೊಳೆಯುವ ಬಿಲ್ಲೆಯಿಲ್ಲ, ಜೋತಾಡುವ ಗೊಂಡೆಯಿಲ್ಲ. ಗಾಂಧಿ ಬಜಾರಿನಲ್ಲಿ ಚೌಕಾಸಿ ಮಾಡಿ ತಂದ ನನ್ನ ಬ್ಯಾಗಿಗೆ ಅವೆರಡೂ ಇವೆ. ಸೆರಗನ್ನು ಸ್ವಲ್ಪ ಇಳಿಬಿಟ್ಟು ಅದನ್ನು ಮುಚ್ಚಿಕೊಂಡೆ.

ಇಂಥದ್ದನ್ನೆಲ್ಲ ಗುರುತಿಸುವ ಕಣ್ಣು ನನಗೆ ಬಂದದ್ದು ಭದ್ರಾವತಿಯ ಕಾನ್ವೆಂಟಿನಲ್ಲಿ. ಎಲ್ಲರಿಗೂ ಒಂದೇ ಯೂನಿಫಾರ್ಮು, ದೇವರ ಮುಂದೆ ಎಲ್ಲರೂ ಸಮ ಎಂದು ಸಿಸ್ಟರ್ ಹೇಳುತ್ತಿದ್ದರು. ಆದರೆ ಆಫೀಸರುಗಳ ಕ್ವಾರ್ಟರ್ಸಿನಿಂದ ಬರುವ ಹುಡುಗಿಯರ ಸಾಕ್ಸು ಸಂಜೆಯವರೆಗೂ ಮೊಣಕಾಲಿನ ಕೆಳಗೇ ನಿಂತಿರುತ್ತಿತ್ತು. ನಮ್ಮಪ್ಪ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸದವರು. ನನ್ನ ಸಾಕ್ಸು ಪ್ರಾರ್ಥನೆ ಮುಗಿಯುವುದರೊಳಗೆ ಜಾರಿ ಬೂಟಿನ ಮೇಲೆ ಕೂರುತ್ತಿತ್ತು. ಮಡಿಕೆಯೊಳಗೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದೆ. ಸಂಜೆ ಅದನ್ನು ತೆಗೆದರೆ ಕಾಲಿನ ಸುತ್ತ ಕೆಂಪು ಬರೆ. ಬರೆ ಇಲ್ಲದ ಕಾಲುಗಳನ್ನು ನಾನು ಎಷ್ಟು ನೋಡಿದ್ದೇನೋ!

ಆ ದಿನ ನಾವು ಸೇರಿದ್ದು ಮಾಚೇನಹಳ್ಳಿಯ ನಮ್ಮ ವರ್ಕ್‌ಶಾಪಿನಲ್ಲಿ. ಮಾವ ಕಟ್ಟಿದ್ದು, ಈಗ ನನ್ನ ಯಜಮಾನರು ನಡೆಸುತ್ತಾರೆ. ಮೈದುನ ಲೇತ್ ಮೆಷಿನ್ನಿನ ಎಣ್ಣೆ ಮೈಗೆ ಹತ್ತಿಸಿಕೊಳ್ಳದೆ ಸೈಟಿನ ವ್ಯಾಪಾರಕ್ಕೆ ಇಳಿದ, ನವುಲೆಯಲ್ಲಿ ಮನೆ ಕಟ್ಟಿದ. ಅತ್ತೆ ಮಾತ್ರ ಮಲವಗೊಪ್ಪದಲ್ಲಿ ನಮ್ಮ ಜೊತೆಗೇ ಇದ್ದಾರೆ.

ಆಯುಧಪೂಜೆಗೆ ಅತ್ತೆಯದೇ ಒಂದು ಕಟ್ಟಳೆ. ಮನೆಯವರಿಗೆ ಅನ್ನ ಕೊಡುವ ವಸ್ತು ಯಾವುದಿದ್ದರೂ ಉದ್ದನೆಯ ಬೆಂಚಿನ ಮೇಲೆ ಬರಬೇಕು. ಸ್ಪ್ಯಾನರ್, ಡ್ರಿಲ್ಲು, ನನ್ನ ಅಡುಗೆಮನೆಯ ಮಿಕ್ಸಿ, ಅವರದೇ ಅಡಕತ್ತರಿ, ಎಲ್ಲವೂ ಸಾಲಾಗಿ. ಕಬ್ಬಿಣಕ್ಕೆ ನೀರಿನ ಕುಂಕುಮ ಹಿಡಿಯುವುದಿಲ್ಲವೆಂದು ಕೊಬ್ಬರಿ ಎಣ್ಣೆಯಲ್ಲಿ ಕಲಸುತ್ತಾರೆ. ಒಂದೊಂದಕ್ಕೂ ವಿಭೂತಿ ಎಳೆದು, ನಡುವೆ ಕುಂಕುಮದ ಬೊಟ್ಟು ಒತ್ತುತ್ತಾ ಹೋಗುತ್ತಾರೆ. ಕೊನೆಗೆ ಮಾವನ ಕಾಲದ ಹಳೆಯ ಲೇತಿಗೆ ಅತ್ತೆ, ಹಿರಿಸೊಸೆ ಇಬ್ಬರೂ ಒಂದೇ ತಟ್ಟೆ ಹಿಡಿದು ಆರತಿ ಎತ್ತಬೇಕು. ಮೈದುನನ ಮನೆ, ಕಾರು, ಮಕ್ಕಳ ಶಾಲೆ ಯಾವುದರ ಮುಂದೆಯೂ ನಾನು ನಿಲ್ಲಲಾರೆ. ಆ ತಟ್ಟೆಯ ಒಂದು ಅಂಚು ಮಾತ್ರ ನನ್ನದು. ಮದುವೆಯಾಗಿ ಬಂದಾಗಿನಿಂದ ಅದನ್ನು ಬೇರೆ ಯಾರೂ ಮುಟ್ಟಿರಲಿಲ್ಲ.

ಓರಗಿತ್ತಿ ಒಳಗೆ ಬಂದವಳೇ ನನ್ನ ಕೈಯಿಂದ ಹೂವಿನ ಬುಟ್ಟಿ ತೆಗೆದುಕೊಂಡಳು. "ಕೊಡಿ ಅಕ್ಕ, ನಾನ್ ಕಟ್ತೀನಿ. ನೀವ್ ಬೆಳಗಿಂದ ನಿಂತೇ ಇದೀರ." ನೆಲದ ಮೇಲೆಲ್ಲ ಎಣ್ಣೆ, ಕಬ್ಬಿಣದ ಚೂರು. ಬ್ಯಾಗನ್ನು ಎಲ್ಲಿಡುವುದೆಂದು ಸುತ್ತ ನೋಡಿ, ಬೆಂಚಿನ ತುದಿಯಲ್ಲಿ ಪೇಪರ್ ಹಾಸಿದ ಜಾಗದಲ್ಲಿ ಇಟ್ಟಳು. ನಾನು ಹಿಂದಿನ ಕೋಣೆಯಲ್ಲಿ, ಪೂಜೆಯಾದ ಮೇಲೆ ಹಂಚುವ ಚರುಪಿನ ಪೊಟ್ಟಣ ಕಟ್ಟಲು ಹೋದೆ.

ಲೇತ್ ನಡೆಸುವ ಸಾಬರ ದನಿ ಕೇಳಿ ಈಚೆ ಬಂದೆ.

"ಅಮ್ಮಾ, ಅಮ್ಮಾ! ಅದು ಟೂಲ್ ಬ್ಯಾಗ್ ಅಲ್ಲಮ್ಮಾ! ಭಾರಿ ಕಿಮ್ಮತ್ತಿನ್ ಮಾಲು!"

ಆಗಿಹೋಗಿತ್ತು. ಪೊರೆ ಬಂದ ಕಣ್ಣಿನ ಅತ್ತೆ ಡ್ರಿಲ್ಲು ಮುಗಿಸಿ, ಸ್ಪ್ಯಾನರ್ ಮುಗಿಸಿ, ಅದೇ ಭಕ್ತಿಯಿಂದ ಆ ಬ್ಯಾಗಿಗೂ ಮೂರು ಎಳೆ ವಿಭೂತಿ ಎಳೆದಿದ್ದರು. ನಡುವೆ ಎಣ್ಣೆಗುಂಕುಮದ ದೊಡ್ಡ ಬೊಟ್ಟು. ನಾನು ನೋಡುತ್ತಿದ್ದಂತೆಯೇ ಎಣ್ಣೆ ಆ ಕೆನೆಯೊಳಗೆ ಇಳಿದು ಬೊಟ್ಟಿನ ಸುತ್ತ ಹಬ್ಬುತ್ತಿತ್ತು.

ನನ್ನ ಎದೆಯಲ್ಲಿ ಏನೋ ಹಾಯಾಯಿತು. ಈಗ ಓರಗಿತ್ತಿಯ ಮುಖ ಕೆಂಪಗಾಗುತ್ತದೆ, ಈಗ ಒಂದು ಮಾತು ಬರುತ್ತದೆ, ಅತ್ತೆ ಕೇಳುತ್ತಾರೆ ಎಂದು ಪೊಟ್ಟಣ ಹಿಡಿದುಕೊಂಡೇ ಕಾದೆ.

ಅವಳು ನಕ್ಕುಬಿಟ್ಟಳು. ಹೂವಿನ ಬುಟ್ಟಿ ಕೆಳಗಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು, ಬಗ್ಗಿ ನಕ್ಕಳು.

"ಅಯ್ಯೋ, ಬಿಡಿ ಅತ್ತೆ! ಸರಿಯಾಗೇ ಮಾಡಿದೀರ. ಅವ್ರು ದುಡಿಯೋಕೆ ಅವ್ರ ಆಯುಧ, ನಾನ್ ಖರ್ಚು ಮಾಡೋಕೆ ನನ್ದು ಇದೇ!"

"ಇದ್ಕೇನ್ ಕುಂಬಳಕಾಯಿ ಬೇರೆ ಒಡೀಬೇಕೇನೇ?" ಎಂದ ಮೈದುನ. ಸಾಬರೂ ನಕ್ಕರು. ನನ್ನ ಯಜಮಾನರೂ.

"ಪೌಡರ್ ಹಾಕಿಡು, ಎಣ್ಣೆ ಎಳ್ಕೊಳ್ಳುತ್ತೆ. ಉಜ್ಜೋಕೆ ಹೋಗ್ಬೇಡ" ಎಂದೆ ನಾನು.

"ಇರ್ಲಿ ಬಿಡಿ ಅಕ್ಕ, ಹಬ್ಬದ ಗುರುತು."

ಅತ್ತೆ ಮಾತ್ರ ನಗಲಿಲ್ಲ. ಕೆಂಪು ಬೆರಳುಗಳನ್ನು ಗಾಳಿಯಲ್ಲಿ ಹಿಡಿದುಕೊಂಡು ನಿಂತಿದ್ದವರು, ಮೊಣಕೈಯಿಂದಲೇ ಅವಳನ್ನು ಹತ್ತಿರಕ್ಕೆ ಎಳೆದುಕೊಂಡರು. "ಎದೆ ಧಸಕ್ ಅಂತು ಮಾರಾಯ್ತಿ. ಬೈತೀಯೇನೋ ಅನ್ಕಂಡೆ."

"ಬ್ಯಾಗಿಗೆಲ್ಲ ಬೈತಾರಾ ಅತ್ತೆ?"

ನನ್ನ ಮನೆಯಲ್ಲಿ ಹೊಸ ಸೋಫಾ ಇದೆ. ಕಂತು ಕಟ್ಟಿ ಕೊಂಡದ್ದು. ಬಟ್ಟೆ ಮಾಸಬಾರದೆಂದು ಮೇಲೆ ಬೆಡ್‌ಶೀಟು, ಬೆಡ್‌ಶೀಟು ಜಾರಬಾರದೆಂದು ಅಂಚಿಗೆ ಪಿನ್ನು. ನಾನು ಅತ್ತೆಯನ್ನು ಒಂದು ದಿನವೂ ಗದರಿಸಿದವಳಲ್ಲ. ಆದರೂ ಅವರು ಊಟ ಮಾಡಿದ ಮೇಲೆ ಕೈಯನ್ನು ಸೀರೆಗೆ ಎರಡೆರಡು ಸಲ ಒರೆಸಿಕೊಂಡು, "ಇಲ್ ಕೂರ್ಲೇನೇ?" ಎಂದು ಕೇಳಿಯೇ ಅದರ ತುದಿಯಲ್ಲಿ ಕೂರುವುದು. ಓರಗಿತ್ತಿಗಾದರೋ ಕಲೆಯಾದದ್ದರ ಬದಲು ಇನ್ನೊಂದು ಬರುತ್ತದೆ. ಬರುತ್ತದೆ ಎಂದು ಗೊತ್ತಿರುವವರಿಗೆ ನಗು ಎಷ್ಟು ಸುಲಭ. ನನ್ನ ಒಳ್ಳೆಯತನವೆಲ್ಲ ಸೇರಿದರೂ ಅಂಥ ಒಂದು ನಗುವಾಗುವುದಿಲ್ಲವಲ್ಲ ಎನಿಸಿತು. ಬ್ಯಾಗು ಬೇಡವಾಗಿತ್ತು ಎಂದರೆ ಸುಳ್ಳಾಗುತ್ತದೆ. ಅದೂ ಬೇಕಿತ್ತು. ಆ ನಗುವೂ ಬೇಕಿತ್ತು.

ಕರ್ಪೂರ ಹಚ್ಚಿ ತಟ್ಟೆ ತಂದೆ. ಅತ್ತೆ ಒಂದು ಅಂಚು ಹಿಡಿದರು. ಇನ್ನೊಂದು ಅಂಚು ನಾನು ಬಿಟ್ಟಿರಲಿಲ್ಲ.

"ಈ ಸಲ ಅವ್ಳು ಹಿಡೀಲಿ ಕಣೇ" ಎಂದರು ಅತ್ತೆ. "ಪಾಪ, ಅಷ್ಟು ಚಂದದ್ ಚೀಲ ಹಾಳ್ ಮಾಡ್ಬಿಟ್ಟೆ."

"ಬೇಡ ಅತ್ತೆ, ಅಕ್ಕಂದೇ ಅಲ್ವಾ ಅದು?" ಎಂದಳು ಓರಗಿತ್ತಿ. ನಿಜವಾಗಿಯೇ ಎಂದಳು. ಅದಕ್ಕೇ ನನಗೆ ಇನ್ನಷ್ಟು ಉರಿಯಿತು.

"ಹಿಡಿ ಹಿಡಿ, ಯಾರ್ ಹಿಡಿದ್ರೇನು" ಎಂದೆ. ಕಾನ್ವೆಂಟಿನ ಮೆದು ದನಿ ಇಂಥ ಹೊತ್ತಿಗೆ ಚೆನ್ನಾಗಿ ಒದಗುತ್ತದೆ. ಅಂಚು ಬಿಟ್ಟು ಹಿಂದೆ ಸರಿದು, ಸಾಬರ ಪಕ್ಕ ನಿಂತು ಗಂಟೆ ಬಾರಿಸಿದೆ.

ಹೊರಡುವಾಗ ಅತ್ತೆ, "ನಾಲ್ಕ್ ದಿನ ನವುಲೇಲಿದ್ದು ಬರ್ತೀನಿ ಕಣೇ" ಎಂದರು. ಹೋಗಬೇಡಿ ಎನ್ನಲು ನನಗೆ ಕಾರಣವಿರಲಿಲ್ಲ. ಅವರ ಬಿಪಿ ಮಾತ್ರೆಯ ಸ್ಟ್ರಿಪ್ಪನ್ನು ನನ್ನ ಬ್ಯಾಗಿನಿಂದ ತೆಗೆದೆ. ಅತ್ತೆಯೂ ನಾನೂ ಎಲ್ಲಿಗೆ ಹೋದರೂ ಅದು ನನ್ನ ಹತ್ತಿರವೇ ಇರುತ್ತದೆ. ಓರಗಿತ್ತಿ ಕೆಂಪು ಬೊಟ್ಟಿನ ಬ್ಯಾಗಿನ ಬಾಯಿ ಅಗಲಿಸಿ ನನ್ನ ಮುಂದೆ ಹಿಡಿದಳು. ಒಳಗಿನ ಬಟ್ಟೆ ಕೂಡ ರೇಷ್ಮೆಯಂತಿತ್ತು.

"ಬೆಳಗ್ಗೆ ತಿಂಡಿಯಾದ್ಮೇಲೆ ಒಂದು. ಮರೀಬೇಡ" ಎಂದು ಅದರೊಳಗೆ ಇಟ್ಟೆ.

ಅತ್ತೆ ಕಾರು ಹತ್ತಿದರು. ಬೆರಳಲ್ಲಿನ್ನೂ ಎಣ್ಣೆಗುಂಕುಮ ಇತ್ತು. ಯಾರನ್ನೂ ಏನೂ ಕೇಳದೆ, ಆ ಕೈಯನ್ನು ಬಿಳಿ ಸೀಟಿಗೆ ಊರಿಕೊಂಡು ಹಿಂದಕ್ಕೆ ಒರಗಿ ಕೂತರು.