ಪಟ್ಟಿಯಲ್ಲಿ ಉಳಿದ ನನ್ನ ನಂಬರು

ಮುಂಜಾನೆ ಐದಕ್ಕೆ ಏಳುವುದು, ಆರಕ್ಕೆ ಸಂಶಿ ರಸ್ತೆಯಲ್ಲಿ ನಡೆದು ಬರುವುದು, ಒಂದಕ್ಕೆ ಊಟ, ಸಂಜೆ ನಾಲ್ಕರಿಂದ ಐದರವರೆಗೆ ಫೋನ್ ಬಂದ್ ಮಾಡಿ ಕಪಾಟಿನಲ್ಲಿಡುವುದು. ನೌಕರಿಯಿಂದ ನಿವೃತ್ತನಾಗಿ ಊರಿಗೆ ಬಂದ ಮೇಲೂ ನಾನು ಈ ಕ್ರಮ ಬಿಟ್ಟಿರಲಿಲ್ಲ. ಹಿಂದಿನ ಓಣಿಯ ಹುಡುಗಿಗೆ ಹುಬ್ಬಳ್ಳಿಯ ನರ್ಸಿಂಗ್ ಸೀಟು ತಪ್ಪಿದ್ದು ಈ ಕ್ರಮದಿಂದಲೇ ಎಂದು ನನ್ನ ಹೆಂಡತಿ ಈಗಲೂ ತಿಳಿದಿದ್ದಾಳೆ. ಅದು ಪೂರ್ತಿ ನಿಜವಲ್ಲ. ನಿಜ ಅದಕ್ಕಿಂತ ಕೆಟ್ಟದ್ದು.

ನಾನು ಒಂದು ಮೊಬೈಲ್ ಕಂಪನಿಯ ಹುಬ್ಬಳ್ಳಿ ಕಚೇರಿಯಲ್ಲಿದ್ದೆ. ಕೊನೆಯ ವರ್ಷಗಳಲ್ಲಿ ನನ್ನ ಕೆಲಸವನ್ನು ಸರಳವಾಗಿ ಹೇಳುವುದಾದರೆ ಇಷ್ಟು: ಒಂದು ಟವರಿನ ಮೇಲೆ ಮಂದಿ ಹೆಚ್ಚಾಗಿ ಎಲ್ಲರ ಇಂಟರ್ನೆಟ್ಟೂ ತಡವರಿಸತೊಡಗಿದಾಗ ಯಾರ ವೇಗವನ್ನು ಇಳಿಸಬೇಕು, ಯಾರದನ್ನು ಮುಟ್ಟಬಾರದು ಎಂಬ ನಿಯಮ ಬರೆಯುವುದು. ಟವರಿನಿಂದ ಸುದ್ದಿ ಬರುತ್ತದೆ, ಯಂತ್ರ ನಿಯಮ ನೋಡುತ್ತದೆ, ಕಣ್ಣು ಮಿಟುಕಿಸುವುದರೊಳಗೆ ವೇಗ ಇಳಿಯುತ್ತದೆ. ನಾನು ಗಿರಾಕಿಗಳನ್ನು ಮೂರು ದರ್ಜೆ ಮಾಡಿದ್ದೆ. ಅಗ್ಗದ ರೀಚಾರ್ಜಿನವರು ಮೂರನೆಯ ದರ್ಜೆ. ಇಕ್ಕಟ್ಟಾದಾಗ ಮೊದಲು ಇಳಿಯುವುದು ಅವರ ವೇಗ.

ಹುಬ್ಬಳ್ಳಿಯಲ್ಲಿ ಅದು ಚೆನ್ನಾಗಿ ನಡೆಯಿತು. ನಾನು ಅದನ್ನೇ ಹಾಗೆಯೇ ಕುಂದಗೋಳ, ಕಲಘಟಗಿ, ನವಲಗುಂದದ ಹಳ್ಳಿಯ ಟವರುಗಳಿಗೂ ಹಾಕಿದೆ. ನನ್ನ ಕೈಕೆಳಗಿನ ಎಂಜಿನಿಯರ್ ಒಬ್ಬ, ಮುಂದೆ ನನ್ನ ಕುರ್ಚಿಗೇ ಬಂದವನು, ಅಂದು ನನ್ನ ಮೇಜಿನ ಬಾಜು ನಿಂತು ಕೇಳಿದ್ದ.

"ಸರ್, ಹಳ್ಯಾಗ ಎಲ್ಲಾರೂ ಮೂರನೇ ದರ್ಜೆಯವರ ಅದಾರ್ರಿ. ಎಲ್ಲಾರದೂ ಇಳಿಸಿದ್ರ ಉಳಿಯೋದು ಯಾರಿಗ್ರಿ?"

"ನಿಯಮ ಅಂದ್ರ ಒಂದ ಇರಬೇಕು," ಎಂದೆ. "ಊರಿಗೊಂದು ಮಾಡಿದ್ರ ಅದು ನಿಯಮ ಅಲ್ಲ, ಸಂತಿ."

ಅವನು ತನ್ನ ಜಾಗಕ್ಕೆ ಹೋದ. ನಾನು ಆ ಮಾತನ್ನು ಆಮೇಲೆ ಎರಡು ಮೀಟಿಂಗಿನಲ್ಲಿ ಮತ್ತೆ ಹೇಳಿದೆ. ಅಷ್ಟು ಹಿಡಿಸಿತ್ತು ನನಗೆ.

ಮೂರು ದರ್ಜೆಗಳ ಮೇಲೆ ಇನ್ನೊಂದು ಸಣ್ಣ ಪಟ್ಟಿ ಇತ್ತು. ನಾವು ಎಂಜಿನಿಯರುಗಳು ಪರೀಕ್ಷೆಗೆ ಬಳಸುವ ನಂಬರುಗಳದು. ಟವರ್ ಎಷ್ಟೇ ಇಕ್ಕಟ್ಟಾಗಲಿ, ಅವುಗಳ ವೇಗ ಇಳಿಯುವುದಿಲ್ಲ. ನನ್ನ ನಂಬರೂ ಅದರಲ್ಲಿತ್ತು. ನಿವೃತ್ತಿಯ ದಿನ ಒಪ್ಪಿಸಬೇಕಾದ್ದರ ಹಾಳೆಯನ್ನು ನಾನೇ ಹಿಂದೊಮ್ಮೆ ತಯಾರಿಸಿದ್ದೆ: ಲ್ಯಾಪ್‌ಟಾಪ್, ಗುರುತಿನ ಚೀಟಿ, ಕೀಲಿ, ಪರೀಕ್ಷಾ ಪಟ್ಟಿಯಿಂದ ನಂಬರು ತೆಗೆದದ್ದು. ಲ್ಯಾಪ್‌ಟಾಪ್ ಕೊಟ್ಟು ಗುರುತು ಹಾಕಿದೆ. ಕೀಲಿ ಕೊಟ್ಟು ಗುರುತು ಹಾಕಿದೆ. ನಂಬರು ತೆಗೆಸಲಿಲ್ಲ, ಅದರ ಮುಂದೆಯೂ ಗುರುತು ಹಾಕಿದೆ. ಮರೆತದ್ದಲ್ಲ. ಪೆನ್ನು ಒಂದು ಗಳಿಗೆ ನಿಂತದ್ದು ನೆನಪಿದೆ.

ಊರಿಗೆ ಬಂದ ಮೇಲೆ ಅದರ ಸುಖ ತಿಳಿಯಿತು. ನಮ್ಮೂರಿಗೆ ಟವರ್ ಒಂದೇ. ಸಂಜೆ ಸಾಲಿ ಬಿಟ್ಟು, ಹೊಲಕ್ಕೆ ಹೋದವರು ತಿರುಗಿದರೆಂದರೆ ಎಲ್ಲರ ಫೋನಿನಲ್ಲೂ ಚಕ್ರ ಗಿರಗಿರ ತಿರುಗುತ್ತ ಕೂಡುತ್ತದೆ. ನನ್ನದು ಮಾತ್ರ ಓಡುತ್ತದೆ. ಕಿರಾಣಿ ಅಂಗಡಿಯವನು ಒಮ್ಮೆ ನನ್ನ ಫೋನ್ ನೋಡಿ, "ನಿಮ್ದು ಹೆಂಗ ಅಗದಿ ಕುದುರಿ ಹಂಗ ಓಡ್ತೈತ್ರಿ?" ಎಂದು ಕೇಳಿದ.

ಆಗ ಸತ್ಯ ಹೇಳಬಹುದಿತ್ತು. ನಾನು ಉಪದೇಶ ಮಾಡಿದೆ. "ಫೋನ್ ಸ್ವಚ್ಛ ಇಟ್ಕೋಬೇಕು. ದಿನಾ ಮುಂಜಾನೆ ಬರೋ ಹೂವಿನ ಚಿತ್ರ, ಬ್ಯಾಡಾದ ವಿಡಿಯೊ ಎಲ್ಲಾ ಅಳಸ್ರಿ. ಶಿಸ್ತು ಬೇಕ್ರಿ." ಸುತ್ತ ನಿಂತವರು ತಲೆಯಾಡಿಸಿದರು. ಆ ಅಂಗಡಿಯವನು ಮೊಮ್ಮಗಳ ತೊಟ್ಟಿಲ ಕಾರ್ಯದ ವಿಡಿಯೊಗಳನ್ನೆಲ್ಲ ಅಳಿಸಿದ. ಫೋನೇನೂ ಚುರುಕಾಗಲಿಲ್ಲ. "ಇನ್ನೂ ಏನೋ ಉಳಿದೈತಿ ಕಾಣ್ತೈತ್ರಿ," ಎಂದು ತನ್ನ ತಪ್ಪೆಂಬಂತೆ ನನಗೇ ಹೇಳಿದ.

ಹಿಂದಿನ ಓಣಿಯ ಆ ಹುಡುಗಿಯ ತಂದೆ ಟೇಲರ್, ತಾಯಿ ಮನೆಯಲ್ಲಿ ಕೌದಿ ಹೊಲಿಯುತ್ತಾಳೆ. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿತ್ತು. ನರ್ಸಿಂಗ್ ಓದಲು ತಂದೆ ಒಪ್ಪಿದ್ದ, ಒಂದೇ ಷರತ್ತಿನ ಮೇಲೆ: ಹಾಸ್ಟೆಲ್ ಬೇಡ, ದಿನಾ ಮನೆಗೆ ಬರಬೇಕು. ಅಂದರೆ ಹುಬ್ಬಳ್ಳಿಯ ಕಾಲೇಜೇ ಸಿಗಬೇಕು. ಯಾವ ಕಾಲೇಜು ಬೇಕೆಂದು ಆನ್‌ಲೈನಿನಲ್ಲಿ ತುಂಬಲು ಅವಳು ನಮ್ಮ ಮನೆಗೆ ಬಂದ ದಿನ ಸಂಜೆ ಐದು ಕೊನೆಯ ಗಳಿಗೆ. ಅವಳ ಕಾಗದಪತ್ರದಲ್ಲಿ ಏನೋ ತಿದ್ದುಪಡಿಯಾಗಬೇಕಿತ್ತು. ಅದಕ್ಕೆ ಕುಂದಗೋಳಕ್ಕೆ ಮೂರು ದಿನ ಅಲೆದು ಆ ಮಧ್ಯಾಹ್ನವಷ್ಟೇ ಕೆಲಸ ಮುಗಿಸಿಕೊಂಡು ಬಂದಿದ್ದಳು. ಈ ಷರತ್ತು, ಅಲೆದಾಟ ನನಗೆ ಆಮೇಲೆ ತಿಳಿಯಿತು. ಕೇಳಿದ್ದರೆ ಅವಳು ಆಗಲೇ ಹೇಳುತ್ತಿದ್ದಳು.

ನಾಲ್ಕು ಹತ್ತಕ್ಕೆ ಬಾಗಿಲಲ್ಲಿ ಬಂದು ನಿಂತಳು. ಓಡಿ ಬಂದದ್ದು ಉಸಿರಿನಲ್ಲೇ ಗೊತ್ತಾಗುತ್ತಿತ್ತು.

"ಕಾಕಾ, ಹತ್ತು ಮಿನಿಟು ನಿಮ್ಮ ಫೋನಿನ ಹಾಟ್‌ಸ್ಪಾಟ್ ಕೊಡ್ತೀರೇನ್ರಿ? ಕಾಲೇಜು ತುಂಬಾಕ ಇವತ್ತ ಐದಕ್ಕ ಕೊನೀರಿ, ನಂದು ಪೇಜ್ ತೆರೀವಲ್ದು. ಕಂಪ್ಯೂಟರ್ ಅಂಗಡ್ಯಾಗೂ ಅದ ಹಣೇಬರ. ಅವ್ರದೂ ಇದ ಟವರ್ ಐತಿ."

"ನಾಲ್ಕರಿಂದ ಐದು ನನ್ನ ಫೋನ್ ಬಂದ್ ಇರ್ತೈತಿ. ನಿನಗ ಗೊತ್ತೈತಲ್ಲ?"

"ಗೊತ್ತೈತ್ರಿ. ಇವತ್ತೊಂದಿನ."

"ಕೊನೇ ದಿನಕ್ಕ ಯಾಕ ಇಟ್ಕೊಂಡಿ? ಎಲ್ಲಾರೂ ಕೊನೀಗೆ ನುಗ್ಗಿದ್ರ ಇಕ್ಕಟ್ಟ ಆಗೂದ. ಫೋನ್ ಒಮ್ಮಿ ಬಂದ್ ಮಾಡಿ ಚಾಲೂ ಮಾಡು. ಬ್ಯಾಡಾದ್ದ ಅಳಸು."

ಅವಳು ನನ್ನ ಹಿಂದಿನ ಕಪಾಟನ್ನು ನೋಡಿದಳು. ಮತ್ತೇನೂ ಕೇಳದೆ, "ಆತ್ರಿ," ಎಂದು ಹೋದಳು. ಅಡಿಗೆಮನೆಯಿಂದ ನನ್ನ ಹೆಂಡತಿ, "ಕಪಾಟಿನ ಕೀಲಿ ಏನ ಸರಕಾರದವ್ರು ಒಯ್ದಾರೇನ್ರಿ?" ಎಂದಳು. ನಾನು ಪೇಪರ್ ಬಿಡಿಸಿದೆ.

ಕ್ರಮಕ್ಕಾಗಿ ಕೊಡಲಿಲ್ಲ ಎಂದು ಆ ಸಂಜೆಯೆಲ್ಲ ನನಗೆ ನಾನೇ ಹೇಳಿಕೊಂಡೆ. ಆದರೆ ಅವಳು ಹಾಟ್‌ಸ್ಪಾಟ್ ಕೇಳಿದೊಡನೆ ನನ್ನ ಮನಸ್ಸಿಗೆ ಬಂದದ್ದು ಬೇರೆ. ಈ ಹುಡುಗಿ ಚುರುಕು. ಇಡೀ ಊರು ನಿಂತಾಗ ಈ ಮುದುಕನದು ಮಾತ್ರ ಹೇಗೆ ಓಡುತ್ತದೆ ಎಂದು ಅವಳು ನನ್ನ ಎದುರೇ ಕುಳಿತು ನೋಡುತ್ತಾಳೆ, ಕೇಳುತ್ತಾಳೆ, ಫೋನ್ ಸ್ವಚ್ಛ ಇಡುವ ಉತ್ತರ ಅವಳಿಗೆ ಸಾಲುವುದಿಲ್ಲ. ಇದು ಬಂದದ್ದು ಮೊದಲು. ನಾಲ್ಕರಿಂದ ಐದರ ಕ್ರಮ ನೆನಪಾದದ್ದು ಅದರ ಹಿಂದೆ.

ಮರುದಿನ ಮುಂಜಾನೆ ಹಾಲು ತರಲು ಹೋದ ಹೆಂಡತಿ ಸುದ್ದಿ ತಂದಳು. ಹುಡುಗಿ ಐದರವರೆಗೂ ಮಾಳಿಗೆಯ ಮೇಲೆ ಫೋನ್ ಹಿಡಿದು ನಿಂತಿದ್ದಳಂತೆ. ಎರಡು ಕಾಲೇಜಿನ ಹೆಸರು ತುಂಬಿಯೂ ಇದ್ದಳಂತೆ. ಕೊನೆಯ ಗುಂಡಿ ಒತ್ತಿದಾಗ ಚಕ್ರ ತಿರುಗುತ್ತ ಕೂತಿತು, ಐದು ಹೊಡೆಯಿತು. "ಎರಡನೇ ಸುತ್ತು ಇನ್ನೂ ಐತಂತ," ಎಂದಳು ಹೆಂಡತಿ. "ಹುಬ್ಬಳ್ಳಿ ಸೀಟು ಅಲ್ಲೀತನ ಉಳಿಯೂದಿಲ್ಲಂತ."

ಆ ಚಕ್ರ ತಿರುಗಿಸಿದವನು ನಾನು. ಟವರ್ ಕೆಟ್ಟಿರಲಿಲ್ಲ. ಅದು ನಾನು ಬರೆದುಕೊಟ್ಟಂತೆ ಅಚ್ಚುಕಟ್ಟಾಗಿ ನಡೆದಿತ್ತು.

ಸ್ನಾನಕ್ಕೂ ಹೋಗದೆ ಹುಬ್ಬಳ್ಳಿಯಲ್ಲಿ ನನ್ನ ಕುರ್ಚಿಗೆ ಬಂದಿದ್ದ ಆ ಎಂಜಿನಿಯರಿಗೆ ಫೋನ್ ಮಾಡಿದೆ. ಪರೀಕ್ಷಾ ಪಟ್ಟಿಯಿಂದ ನನ್ನ ನಂಬರು ಈಗಲೇ ತೆಗೆಯಬೇಕೆಂದೆ.

"ಅದು ಇನ್ನೂ ಐತೇನ್ರಿ ಸರ್? ನೀವ ಗುರುತು ಹಾಕಿದ್ದು ಹಾಳ್ಯಾಗ ನೋಡೇನಿ." ಅವನು ನಕ್ಕ. ನಗುವಿನಲ್ಲಿ ಕೇಡಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಆತ್ರಿ, ಈಗ ತೆಗೀತೀನಿ."

"ಇನ್ನೊಂದು. ಹಳ್ಳಿ ಟವರಿನ ನಿಯಮ ಬದಲಸು. ನೀ ಅಂದು ಹೇಳಿದ್ದು ಖರೇ ಇತ್ತು."

"ಅದು ನನ್ನ ಕೈಯಾಗ ಇಲ್ರಿ. ಬದಲಸಾಕ ಮ್ಯಾಲಿನ ಮೂರು ಮಂದಿ ಸಹಿ ಬೇಕು." ಆಮೇಲೆ ಹೇಳಿದ, "ಮೂರು ಸಹಿ ಬೇಕನ್ನೂ ಕಾಯ್ದೇನೂ ನಿಮ್ದ ಸರ್."

ಅರ್ಜಿ ಹಾಕುತ್ತೇನೆಂದ. ಐದು ನಿಮಿಷದಲ್ಲಿ ನನ್ನ ನಂಬರು ತೆಗೆದೆನೆಂದು ಸಂದೇಶ ಕಳಿಸಿದ. ನನಗೆ ಮೈ ಹಗುರಾದಂತಾಯಿತು. ಅದೇ ಹಗುರದಲ್ಲಿ ಅಂಗಿ ತೊಟ್ಟು ಹಿಂದಿನ ಓಣಿಗೆ ನಡೆದೆ.

ತಾಯಿ ಕೌದಿ ಹರಡಿಕೊಂಡು ಅಂಚು ಹೊಲಿಯುತ್ತಿದ್ದಳು. ಹುಡುಗಿ ಇನ್ನೊಂದು ತುದಿ ಹಿಡಿದು ಕೂತಿದ್ದಳು. ನನಗೆ ಕುರ್ಚಿ ಹಾಕಿದರು. ಕೂಡದೆ, ನಿಂತೇ ಎಲ್ಲ ಹೇಳಿದೆ: ದರ್ಜೆಗಳು, ಪಟ್ಟಿ, ಸುಳ್ಳು ಗುರುತು, ಕಪಾಟು. ತಾಯಿ ಸೂಜಿ ನಿಲ್ಲಿಸಿದಳು. ಹುಡುಗಿ ಮಾತ್ರ ಲೆಕ್ಕದ ಮೇಷ್ಟ್ರ ಪಾಠ ಕೇಳುವಂತೆ ಕೇಳಿದಳು.

"ಅಂದ್ರ ಊರಾಗ ನಿಮ್ಮ ಫೋನ್ ಒಂದ ಖರೇ ಓಡೂದಿತ್ತು."

"ಹೌದವ್ವಾ. ಈಗಿಲ್ಲ. ಇವತ್ತ ಮುಂಜಾನೆ ನಂಬರ ತೆಗಿಸಿಬಿಟ್ಟೆ."

ಅವಳು ನನ್ನನ್ನು ನೋಡಿದಳು. "ತೆಗಿಸಿಬಿಟ್ರೇನ್ರಿ?"

"ತೆಗಿಸಿದೆ."

"ಎಂಟು ದಿನ ತಡೀಬೇಕಿತ್ರಿ ಕಾಕಾ," ಎಂದಳು. "ಎರಡನೇ ಸುತ್ತು ತುಂಬೂತನ."

ತಾಯಿ, "ಹಂಗನಬಾರ್ದು ಬೇ, ದೊಡ್ಡಾವ್ರು," ಎಂದು ಗದರಿದಳು. ಹುಡುಗಿ ಕೌದಿಯ ತುದಿ ಎಳೆದು ಸರಿಮಾಡಿದಳು. "ನಾ ಏನ್ ಅಂದೆ? ಇದ್ದದ್ದ ಹೇಳಿದೆ."

ತಪ್ಪನ್ನು ತಿದ್ದುವ ಅವಸರದಲ್ಲಿ ನಾನು ನೋಡಿಕೊಂಡದ್ದು ನನ್ನ ಹಾಳೆಯನ್ನು. ಆ ಒಂದು ಗುರುತು ನಿಜವಾಗಬೇಕಿತ್ತು, ಆಯಿತು. ಅವಳಿಗೆ ಏನು ಬೇಕೆಂದು ಕೇಳಿ ಆಮೇಲೆ ಫೋನ್ ಮಾಡಬಹುದಿತ್ತು. ಹೊಳೆಯಲಿಲ್ಲ. ಹಿಂದಿನ ದಿನವೂ ಕೇಳಿರಲಿಲ್ಲ, ಅಂದೂ ಕೇಳಲಿಲ್ಲ.

ಎರಡನೇ ಸುತ್ತಿಗೆ ಅವಳು ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಅಲ್ಲಿನ ಅಂಗಡಿಯಲ್ಲಿ ಕೂತು ತುಂಬಿ ಬಂದಳು. ಜೊತೆಗೆ ಬರುತ್ತೇನೆಂದರೆ, "ಬ್ಯಾಡ್ರಿ, ನಮ್ಮ ಅಬ್ಬಾ ಬರ್ತಾರ," ಎಂದಳು. ಹುಬ್ಬಳ್ಳಿಯ ಸೀಟು ಉಳಿದಿರಲಿಲ್ಲ. ಗದಗಿನಲ್ಲಿ ಸಿಕ್ಕಿತು. ತಂದೆ ಒಂದು ವಾರ ಮಾತು ಬಿಟ್ಟು, ಕೊನೆಗೆ ಷರತ್ತು ಹಾಗೇ ಇಟ್ಟುಕೊಂಡು ಒಪ್ಪಿದ. ಎರಡು ಬಸ್ಸು ಬದಲಿಸಿ ಅವಳು ದಿನಾ ಹೋಗಿ ಬರುತ್ತಾಳೆ. ಮನೆ ಮುಟ್ಟುವಾಗ ದೀಪ ಹಚ್ಚಿರುತ್ತಾರೆ.

ನನ್ನ ಫೋನಿನಲ್ಲೂ ಈಗ ಸಂಜೆ ಚಕ್ರ ತಿರುಗುತ್ತದೆ. ಕಿರಾಣಿ ಅಂಗಡಿಯವನಿಗೆ ಸತ್ಯ ಹೇಳಿದ್ದೇನೆ. ಅವನು, "ಹೋಗ್ಲಿ ಬಿಡ್ರಿ," ಎಂದ. ಆದರೆ ಅಂದಿನಿಂದ ನನ್ನೆದುರು ಫೋನ್ ತೆಗೆಯುವುದಿಲ್ಲ. ಹುಬ್ಬಳ್ಳಿಯವನ ಅರ್ಜಿಗೆ ಒಂದು ಸಹಿ ಬಿದ್ದಿದೆಯಂತೆ, ಇನ್ನೆರಡು ಬಾಕಿ.

ಅವಳ ಬಸ್ಸು ಬರುವುದು ಮುಂಜಾನೆ ಆರಕ್ಕೆ, ನಾನು ನಡೆಯಲು ಹೊರಡುತ್ತಿದ್ದ ಹೊತ್ತಿಗೆ. ಮೊದಲ ವಾರ ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಎದುರಾದಳು. ಡಬ್ಬಿಯ ಚೀಲ ಹಿಡಿದು, "ನಮಸ್ಕಾರ್ರಿ ಕಾಕಾ," ಎಂದಳು. ನಾನು ಕೈ ಎತ್ತಿದೆ. ಮಾರನೆಯ ದಿನದಿಂದ ಆರೂಕಾಲಿಗೆ ಹೊರಡುತ್ತಿದ್ದೇನೆ. ಹೆಂಡತಿ ಗಡಿಯಾರ ನೋಡುತ್ತಾಳೆ. ಮೊನ್ನೆ ಚಹಾ ಕೊಡುತ್ತ, "ಆ ಹುಡುಗಿ ಕೇಳಿತ್ರಿ," ಎಂದಳು. "ಕಾಕಾ ಅವ್ರಿಗೆ ಆರಾಮಿಲ್ಲೇನ್ರಿ, ರಸ್ತ್ಯಾಗ ಕಾಣೂದ ಇಲ್ಲ, ಅಂತ."