ವಿಮಾನದ ಸಾವಕಾರರು

ಮಕ್ಕಳೇ, ಇಳಕಲ್ಲಿನಲ್ಲಿ ನಮ್ಮ ಪಕ್ಕದ ಮನೆಯ ನೂಲಿನ ಸಾವಕಾರರು ಒಂದು ಪುಟ್ಟ ವಿಮಾನ ಕೊಂಡಿದ್ದರು. ಪೆಟ್ರೋಲನ್ನು ಮೆತ್ತನೆಯ ತೊಗಲಿನಲ್ಲಿ ಸೋಸುವರು, ರೆಕ್ಕೆಗಳನ್ನು ಗೂಟಕ್ಕೆ ಕಟ್ಟುವರು, ಆಮೇಲೆ ಬೆರಳು ನೆಕ್ಕಿ ಮೇಲೆತ್ತಿ, “ಗಾಳಿ ಮೊದಲ ನೋಡಬೇಕ್ರಿ” ಎನ್ನುವರು. ಊಟಕ್ಕೆ ಕರೆದರೂ ಅದೇ ಮಾತು.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ವಿಮಾನವಿದೆ ಎಂದರೆ ಅಕ್ಕನ ಅಣ್ಣಂದಿರು ನಂಬದೆ ನಗುತ್ತಿದ್ದರು. ಒಂದು ದಿನ ಹುನಗುಂದದ ತವರಿಗೆ ಹಾರಿಯೇ ಹೋಗಿ ಆ ನಗೆ ಅಡಗಿಸಬೇಕೆಂದು ಅಕ್ಕ ಮೊದಲೇ ಅಲ್ಲಿಗೆ ಹೇಳಿಕಳಿಸಿ, ಹೊಸ ಸೀರೆಯುಟ್ಟು, ಸೆರಗು ಬಿಗಿದು ವಿಮಾನದಲ್ಲಿ ಕೂತಳು. ಸಾವಕಾರರು ಬೆರಳೆತ್ತಿ ಆಕಾಶ ನೋಡುತ್ತ ನಿಂತರು.

“ಗಾಳಿ ಆಮ್ಯಾಲ ನೋಡ್ರಿ, ಹಿಂದ ಎಮ್ಮಿ ಬಂದೈತಿ!” ಅಕ್ಕ ಕೂಗಿದಳು.

“ತಡಿ, ಗಾಳಿ ತಿರಗಾಕತ್ತೈತಿ.”

ಅವರು ತಿರುಗುವಷ್ಟರಲ್ಲಿ ಎಮ್ಮೆ ರೆಕ್ಕೆಗೆ ಬಳಿದ ಬಣ್ಣ ನೆಕ್ಕಿ, ಅದಕ್ಕೆ ಹೊದಿಸಿದ ಬಟ್ಟೆಯನ್ನೂ ಹರಿದು ಮೆಲ್ಲುತ್ತಿತ್ತು.

ಕೊನೆಗೆ ಎತ್ತಿನ ಚಕ್ಕಡಿ ಹೂಡಿದರು. ಜೊತೆಗೆ ನಾನೂ ಹೋದೆ. ಸಂಜೆ ಹುನಗುಂದ ಮುಟ್ಟಿದಾಗ ಅಣ್ಣಂದಿರು, ಓಣಿಯ ಜನರೆಲ್ಲ ಮಾಳಿಗೆ ಹತ್ತಿ, ಹಣೆಗೆ ಕೈ ಹಚ್ಚಿ ಮುಗಿಲು ನೋಡುತ್ತಿದ್ದರು. ಚಕ್ಕಡಿ ಬಾಗಿಲಿಗೇ ಬಂದು ನಿಂತರೂ ಯಾರೂ ಕೆಳಗೆ ನೋಡಲಿಲ್ಲ.

ಅಕ್ಕ ಮೆಲ್ಲಗೆ ಇಳಿದು ಗಂಡನ ಕೈ ಹಿಡಿದಳು.

“ಸುಮ್ನ ಒಳಗ ನಡೀರಿ. ಇವರು ಕಣ್ಣು ಪಿಳಕಿಸೂದ್ರಾಗ ಇಳದೀವಿ ಅನ್ನೂಣು.”